‘ಇರಲಿ’ ಎಂಬ ಪದದ ತೂಕ

ದೂರದ ಪ್ರಯಾಣಕ್ಕೆ ಹೊರಡುವ ಹಿಂದಿನ ವಾರ ನಮ್ಮ ಮನೆಯಲ್ಲಿ ಅತಿ ಹೆಚ್ಚು ಕೇಳಿಬರುವ ಪದ ಯಾವುದೆಂದು ಲೆಕ್ಕವಿಟ್ಟರೆ ಅದು ‘ಇರಲಿ’ ಎಂಬುದೇ ಆದೀತು. ಪೆಟ್ಟಿಗೆಯ ಮುಂದೆ ಕುಳಿತಾಗ ಅದಕ್ಕೆ ಒಂದು ಅರ್ಥ: ಇನ್ನೊಂದು ಸೀರೆ ಇರಲಿ, ಯಾರಾದರೂ ಊಟಕ್ಕೆ ಕರೆದರೆ ಉಡಲು ರೇಷ್ಮೆಯದೂ ಒಂದು ಇರಲಿ, ಮಳೆ ಬಂದರೂ ಬರಬಹುದು, ಕೊಡೆ ಇರಲಿ. ಮನೆಯೊಳಗೆ ಓಡಾಡುವಾಗ ಅದೇ ಪದಕ್ಕೆ ಬೇರೆಯೇ ಅರ್ಥ: ಬಚ್ಚಲಿನ ನಲ್ಲಿ ಸ್ವಲ್ಪ ತೊಟ್ಟಿಕ್ಕುತ್ತಿದೆ, ಹಾಗೇ ಇರಲಿ, ಬಂದ ಮೇಲೆ ನೋಡಿಕೊಂಡರಾಯಿತು; ಫ್ರಿಜ್ಜಿನಲ್ಲಿ ಅರ್ಧ ಡಬ್ಬಿ ದೋಸೆಹಿಟ್ಟು ಉಳಿದಿದೆ, ಇರಲಿ, ಕೆಡುವುದಿಲ್ಲ. ಮೊದಲನೆಯ ‘ಇರಲಿ’ ಚೀಲವನ್ನು ತುಂಬುತ್ತದೆ, ಎರಡನೆಯದು ಕೆಲಸವನ್ನು ಬಾಕಿ ಉಳಿಸುತ್ತದೆ. ಹೊತ್ತುಕೊಂಡು ಹೋಗಬೇಕಾಗಿಲ್ಲದ್ದನ್ನು ಹೊರುವುದೂ ಮಾಡಿಯೇ ಹೋಗಬೇಕಾದದ್ದನ್ನು ಬಿಡುವುದೂ ಒಂದೇ ಸೋಮಾರಿತನದ ಎರಡು ಮುಖಗಳೆಂದು ನನಗೆ ಹೊಳೆಯಲು ಐವತ್ತು ವರ್ಷ ದಾಟಬೇಕಾಯಿತು, ಜೊತೆಗೆ ಒಂದು ದಿವಾನಖಾನೆಯೂ ನೆನೆಯಬೇಕಾಯಿತು.

ಅದು 2022ರ ಮೇ ತಿಂಗಳು. ತ್ಯಾಗರಾಜನಗರದ ನಮ್ಮ ಮಹಡಿ ಮನೆಗೆ ಬೀಗ ಹಾಕಿ ಮೂರು ವಾರ ಹೊರಗಿದ್ದೆವು. ಆ ಮೇ ತಿಂಗಳಲ್ಲಿ ಬೆಂಗಳೂರಿಗೆ ಎಂಥ ಮಳೆ ಸುರಿಯಿತೆಂಬುದು ಇಲ್ಲಿದ್ದವರಿಗೆಲ್ಲ ನೆನಪಿದೆ. ನಮ್ಮ ಬಾಲ್ಕನಿಯ ಮೇಲೆ ಪಕ್ಕದ ರಸ್ತೆಯ ಗುಲ್‌ಮೊಹರ್ ಮರವೊಂದು ಬಾಗಿಕೊಂಡಿದೆ. ಅದರ ಎಸಳುಗಳೂ ಸಾಸಿವೆಯಷ್ಟು ಸಣ್ಣ ಎಲೆಗಳೂ ಬಾಲ್ಕನಿಯ ನೀರು ಹೋಗುವ ಜಾಲರಿಯ ಮೇಲೆ ಕೂತು, ಒಂದರ ಮೇಲೊಂದು ಅಂಟಿ, ಗಾರೆ ಮೆತ್ತಿದಂತೆ ಅದನ್ನು ಮುಚ್ಚಿಬಿಟ್ಟಿದ್ದವು. ಹೊರಡುವ ದಿನ ನಾನು ಅದನ್ನು ನೋಡಿದ್ದೆ. ಗುಡಿಸಬೇಕೆಂದುಕೊಂಡು, ಆಟೋ ಬಂದು ನಿಂತಿತೆಂದು, ಇರಲಿ ಎಂದಿದ್ದೆ. ಬಾಲ್ಕನಿ ತುಂಬಿ ನೀರು ಬಾಗಿಲ ಸಂದಿನಿಂದ ಒಳಗೆ ಹರಿದು, ದಿವಾನಿನ ಕಾಲುಗಳನ್ನು ಉಬ್ಬಿಸಿ, ಕೆಳಗಿನ ಅರೆಯಲ್ಲಿದ್ದ ಪುಸ್ತಕಗಳನ್ನು ಇಡ್ಲಿಗಳಂತೆ ಮಾಡಿಟ್ಟಿತ್ತು. ಸಾಲದೆಂಬಂತೆ ಸಿಡಿಲಿಗೋ ತೇವಕ್ಕೋ ವಿದ್ಯುತ್ತು ಟ್ರಿಪ್ ಆಗಿ, ಫ್ರಿಜ್ಜು ಎಷ್ಟು ದಿನದಿಂದ ನಿಂತಿತ್ತೋ, ಅದರ ಬಾಗಿಲು ತೆರೆದಾಗ ಬಂದ ವಾಸನೆಯನ್ನು ವರ್ಣಿಸದಿರುವುದೇ ಲೇಸು. ಆ ಪ್ರವಾಸಕ್ಕೆ ನಾವಿಬ್ಬರೂ ಸೇರಿ ನಾಲ್ಕು ದೊಡ್ಡ ಚೀಲ ಹೊತ್ತಿದ್ದೆವು. ನಾನು ಒಯ್ದಿದ್ದ ಮೂರು ಸೀರೆಗಳು ಮಡಿಕೆಯೇ ಬಿಚ್ಚದೆ ಹಿಂತಿರುಗಿದ್ದವು.

ಈ ವರ್ಷ ಏಪ್ರಿಲ್ ಕೊನೆಯಲ್ಲಿ ಇಪ್ಪತ್ತನಾಲ್ಕು ದಿನಗಳ ಪ್ರಯಾಣ ನಿಶ್ಚಯವಾದಾಗ ಎರಡೂ ಕೆಲಸಗಳನ್ನು ಒಟ್ಟಿಗೇ ಆರಂಭಿಸಿದೆವು. ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್, ಅಲ್ಲಿಂದ ಕಾಲ್ಕಾ, ಕಾಲ್ಕಾದಿಂದ ಶಿಮ್ಲಾಕ್ಕೆ ಪುಟ್ಟ ರೈಲು, ಆಮೇಲೆ ಬೆಟ್ಟದೂರುಗಳಲ್ಲಿ ಬಸ್ಸು. ರೈಲ್ವೆಯವರು ಎ.ಸಿ. ಮೂರು ಟಯರಿನ ಪ್ರಯಾಣಿಕರಿಗೆ 40 ಕಿಲೋ ಸಾಮಾನನ್ನು ಉಚಿತವಾಗಿ ಬಿಡುತ್ತಾರೆ. ಹಾಗೆ ನೋಡಿದರೆ ನಾವು ಚೀಲದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಆದರೆ ರೈಲ್ವೆಯವರು ಬಿಡುವುದು ರೈಲಿನೊಳಗೆ; ಪ್ಲಾಟ್‌ಫಾರಂನ ಮೇಲ್ಸೇತುವೆಯ ಮೆಟ್ಟಿಲು ಹತ್ತುವವರು ನಾವು. 1903ರಿಂದ ಓಡುತ್ತಿರುವ ಕಾಲ್ಕಾ–ಶಿಮ್ಲಾ ರೈಲಿನ ಹಳಿಗಳ ನಡುವಿನ ಅಂತರ ಎರಡೂವರೆ ಅಡಿ ಮಾತ್ರ, ಡಬ್ಬಿಗಳೂ ಅದಕ್ಕೆ ತಕ್ಕಂತೆ ಕಿರಿದು; ಅಲ್ಲಿ ದೊಡ್ಡ ಪೆಟ್ಟಿಗೆ ಇಟ್ಟವರು ತಮ್ಮ ಕಾಲನ್ನು ಬೇರೆಲ್ಲಿಯಾದರೂ ಇಟ್ಟುಕೊಳ್ಳಬೇಕು. ಆದ್ದರಿಂದ ನಮ್ಮ ದೇಶದ ವಿಮಾನಗಳು ಕೈಚೀಲಕ್ಕೆ ಹಾಕುವ ಏಳು ಕಿಲೋ ಮಿತಿಯನ್ನು ರೈಲಿಗೆ ಹೊರಟ ನಾವು ನಮಗೆ ನಾವೇ ಹಾಕಿಕೊಂಡೆವು. ತಲೆಗೆ ಏಳು ಕಿಲೋ. ಬೆನ್ನಿಗೆ ಒಂದೊಂದೇ ಚೀಲ.

ತೂಕವೆಂಬುದನ್ನು ಕಣ್ಣಿನಿಂದ ಅಂದಾಜು ಮಾಡುವ ನಮ್ಮ ಅಭ್ಯಾಸ ಎಷ್ಟು ಸುಳ್ಳೆಂದು ಅಡುಗೆಮನೆಯ ತಕ್ಕಡಿ ತೋರಿಸಿಕೊಟ್ಟಿತು. ಮನೆಯಲ್ಲಿ ಬಳಸುವ ದಪ್ಪ ಟರ್ಕಿ ಟವೆಲು ನಾನೂರ ಎಂಬತ್ತು ಗ್ರಾಂ ತೂಗಿತು. ನಮ್ಮ ಕಡೆ ಸ್ನಾನಕ್ಕೆ ಹಿಂದಿನಿಂದಲೂ ಬಳಸುತ್ತಿದ್ದ ತೆಳು ಪಂಚೆಯ ತುಂಡು ನೂರ ನಲವತ್ತು. ಮೊದಲನೆಯದು ಬೆಟ್ಟದ ಊರಿನಲ್ಲಿ ಮರುದಿನಕ್ಕೂ ಒಣಗದು, ಎರಡನೆಯದು ಒಂದು ಗಂಟೆಯಲ್ಲಿ ಗರಿಗರಿ. ನಮ್ಮ ಮನೆಯವರ ಜೀನ್ಸ್ ಪ್ಯಾಂಟು ಆರುನೂರ ಐವತ್ತು ಗ್ರಾಂ. ‘ಒಗೆಯದೆ ಎಷ್ಟು ದಿನವಾದರೂ ಹಾಕಬಹುದು’ ಎಂದು ಅವರು ಅದರ ಪರವಾಗಿ ವಾದಿಸಿದರು, ಹಾಗಾದರೆ ಅದನ್ನೇ ತೊಟ್ಟು ಹೊರಡಿ ಎಂದು ನಾನೆಂದೆ. ಭಾರವಾದದ್ದನ್ನು ಮೈಮೇಲೆ ಹಾಕಿಕೊಂಡು ಹೊರಡುವುದು ತಕ್ಕಡಿಗೆ ಮಾಡುವ ಮೋಸವೇ ಹೌದು. ಆದರೂ ಮೈಮೇಲಿದ್ದ ಬಟ್ಟೆ ಹೆಗಲನ್ನು ನೋಯಿಸುವುದಿಲ್ಲ. ತುಂಬಿದ ಚೀಲವನ್ನು ತೂಗಲು ಕೊಕ್ಕೆ ತಕ್ಕಡಿ ಕೊಳ್ಳಬೇಕಾಗಿಲ್ಲ: ಚೀಲ ಹೊತ್ತು ಒಮ್ಮೆ, ಹೊರದೆ ಒಮ್ಮೆ ಮೈತೂಕ ನೋಡಿ ಕಳೆದರೆ ಆಯಿತು. ಮೊದಲ ಸಲ ಕಳೆದಾಗ ನನ್ನ ಚೀಲ ಹತ್ತೂವರೆ ಕಿಲೋ ಬಂತು.

ಮೂರೂವರೆ ಕಿಲೋ ತೆಗೆಯಬೇಕಾದಾಗ ಮನುಷ್ಯನಿಗೆ ತನ್ನ ಭಯಗಳೆಲ್ಲ ಒಂದೊಂದಾಗಿ ಕೈಗೆ ಸಿಗುತ್ತವೆ. ನಾನು ಚೀಲದಿಂದ ತೆಗೆದದ್ದರಲ್ಲಿ ಬಹುಪಾಲು ವಸ್ತುಗಳ ಹಿಂದೆ ‘ನಾಲ್ಕು ಜನ ಏನೆಂದಾರು’ ಎಂಬ ಪ್ರಶ್ನೆಯಿತ್ತು: ಎರಡನೆಯ ಜೊತೆ ಚಪ್ಪಲಿ, ಬಣ್ಣಕ್ಕೆ ಹೊಂದುವ ಬೇರೆ ಬೇರೆ ರವಿಕೆಗಳು, ಫೋಟೋದಲ್ಲಿ ಪ್ರತಿದಿನವೂ ಒಂದೇ ಬಟ್ಟೆ ಕಾಣಬಾರದೆಂಬ ಹಂಬಲ. ಶಿಮ್ಲಾದಲ್ಲಿ ನಮ್ಮನ್ನು ಬಲ್ಲವರು ಯಾರೂ ಇಲ್ಲವೆಂಬ ಸರಳ ಸಂಗತಿ ನನಗೆ ಹೊಳೆದದ್ದು ಆಗಲೇ. ಕೊನೆಗೆ ಉಳಿದದ್ದು ನಾಲ್ಕು ಜೊತೆ ಉಡುಪು. ದೆಹಲಿಯ ಮೇ ತಿಂಗಳ ಬೇಗೆಗೂ ಬೆಟ್ಟದ ರಾತ್ರಿಗೂ ಬೇರೆ ಬೇರೆ ಬಟ್ಟೆಗಳನ್ನು ಒಯ್ಯುವ ಬದಲು, ಅವೇ ಹತ್ತಿಯ ಕುರ್ತಾಗಳ ಮೇಲೆ ಒಂದು ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಒಂದು ತೆಳು ಜಾಕೆಟ್, ಹೀಗೆ ಪದರ ಪದರವಾಗಿ ಧರಿಸುವುದೆಂದು ತೀರ್ಮಾನವಾಯಿತು. ರಾತ್ರಿ ಒಗೆದ ಬಟ್ಟೆಯನ್ನು ಒಣ ಪಂಚೆಯೊಳಗೆ ಸುತ್ತಿ, ಸುರುಳಿಯನ್ನು ಕಾಲಿನಿಂದ ಚೆನ್ನಾಗಿ ತುಳಿದು ಆಮೇಲೆ ಹರವಿದರೆ ಬೆಳಗಿನ ಹೊತ್ತಿಗೆ ಒಣಗಿರುತ್ತದೆ. ಇದಕ್ಕೆ ಬೇಕಾದದ್ದು ಮೂರು ಮೀಟರ್ ಹಗ್ಗ ಮತ್ತು ಅರ್ಧ ಬಿಲ್ಲೆ ಸಾಬೂನು.

ಎರಡು ವಿಷಯಗಳಲ್ಲಿ ಮಾತ್ರ ನಾನು ‘ಇರಲಿ’ ಎಂಬ ಪದಕ್ಕೆ ಮರ್ಯಾದೆ ಕೊಟ್ಟೆ. ಒಂದು, ಔಷಧ. ರಕ್ತದೊತ್ತಡದ ಮಾತ್ರೆಗಳನ್ನು ಇಪ್ಪತ್ತನಾಲ್ಕು ದಿನಕ್ಕೆ ಎಣಿಸಿ, ರೈಲು ತಪ್ಪಿದರೆ, ರಸ್ತೆ ಕುಸಿದರೆ ಎಂದು ಇನ್ನೂ ಐದು ದಿನದ್ದನ್ನು ಸೇರಿಸಿ, ಹೆಸರು ಮತ್ತು ಅವಧಿ ಓದಲು ಬರುವಂತೆ ಸ್ಟ್ರಿಪ್ಪಿನ ಸಮೇತ ಇಟ್ಟುಕೊಂಡೆವು. ಬಿಡಿಸಿ ಡಬ್ಬಿಗೆ ತುಂಬಿದ ಬಿಳಿ ಮಾತ್ರೆ ಯಾವುದೆಂದು ಪರವೂರಿನ ಔಷಧದಂಗಡಿಯವನಿಗೆ ಹೇಳುವುದು ಹೇಗೆ? ಇನ್ನೊಂದು, ಕನ್ನಡಕ. ಗುರುತಿನ ಕಾಗದಗಳ ಕಟ್ಟು ಈಗ ಫೋನಿನ ಡಿಜಿಲಾಕರಿನೊಳಗೆ ಸೇರಿಕೊಂಡಿರುವುದರಿಂದ ಪ್ಲಾಸ್ಟಿಕ್ ಕಡತವೊಂದರ ಭಾರ ತಾನಾಗಿಯೇ ಇಳಿಯಿತು. ಮೂರು ಪುಸ್ತಕ ಬೇಕೆಂದ ನಮ್ಮ ಮನೆಯವರೊಡನೆ ಚೌಕಾಸಿ ನಡೆದು ಒಂದಕ್ಕೆ ನಿಂತಿತು.

ಬುತ್ತಿಯನ್ನು ಏಳು ಕಿಲೋ ಲೆಕ್ಕದಿಂದ ಹೊರಗಿಟ್ಟೆವು, ಏಕೆಂದರೆ ಅದು ದಾರಿಯಲ್ಲಿ ಕರಗುವ ಭಾರ. ಎರಡು ರಾತ್ರಿ, ಒಂದು ಇಡೀ ಹಗಲಿನ ರೈಲು ಪ್ರಯಾಣಕ್ಕೆ ಪುಳಿಯೋಗರೆ, ಚಪಾತಿ, ಚಟ್ನಿಪುಡಿ. ಮೊದಲ ರಾತ್ರಿಯ ಮೊಸರನ್ನವನ್ನು ಮಾತ್ರ ಹಾಲಿನಲ್ಲಿಯೇ ಕಲಸಿ ಒಂದು ಚಮಚ ಮೊಸರು ಬೆರೆಸಿದ್ದು, ಊಟದ ಹೊತ್ತಿಗೆ ಹುಳಿಯಾಗದೆ ಹದವಾಗಿ ಹೆಪ್ಪುಗಟ್ಟಿರಲೆಂದು.

ಮನೆಯ ಸಿದ್ಧತೆ ಅಡುಗೆಮನೆಯಿಂದಲೇ, ಹೊರಡುವುದಕ್ಕೆ ಹತ್ತು ದಿನ ಮೊದಲೇ ಆರಂಭವಾಗಬೇಕು. ಹೊಸದಾಗಿ ಏನನ್ನೂ ತರದೆ ಇದ್ದದ್ದರಲ್ಲೇ ಅಡುಗೆ ಮಾಡುವ ಆ ಕೊನೆಯ ವಾರ ನನಗೆ ಪ್ರವಾಸದಷ್ಟೇ ಇಷ್ಟವಾಗುತ್ತದೆ. ಉಳಿದ ದೋಸೆಹಿಟ್ಟು ಈರುಳ್ಳಿ ಸೇರಿ ಪಡ್ಡಾಗುತ್ತದೆ, ಹುಳಿಯಾದ ಮೊಸರು ಬೂದುಗುಂಬಳದ ತುಂಡಿನೊಡನೆ ಮಜ್ಜಿಗೆಹುಳಿಯಾಗುತ್ತದೆ, ಮೆತ್ತಗಾದ ಟೊಮೆಟೊ ಗೊಜ್ಜಾಗುತ್ತದೆ, ಕೊನೆಯ ಹಿಡಿ ಕರಿಬೇವು ಹುರಿದ ಕಡಲೆಬೇಳೆಯೊಡನೆ ಚಟ್ನಿಪುಡಿಯಾಗಿ ಬುತ್ತಿಯೊಳಗೆ ಕೂರುತ್ತದೆ. ಡಬ್ಬಿಯ ತಳದಲ್ಲಿ ಸಿಕ್ಕಿದ ಮೂರು ಬಗೆಯ ಬೇಳೆಗಳನ್ನು ಸೇರಿಸಿ ಒಂದು ಅಡೆದೋಸೆಯೂ ಆಯಿತು. ಇಂಥ ಅಡುಗೆಗೆ ಹೆಸರಿರುವುದಿಲ್ಲ, ರುಚಿ ಇರುತ್ತದೆ. ಉಳಿದ ರವೆಯನ್ನು ಹುರಿದಿಟ್ಟರೆ ಹುಳು ಬೀಳುವುದಿಲ್ಲ; ಬೇಳೆಕಾಳಿನ ಡಬ್ಬಿಗಳಿಗೆ ನಾಲ್ಕು ಒಣಮೆಣಸಿನಕಾಯಿ ಹಾಕಿದೆ.

ಫ್ರಿಜ್ಜನ್ನು ಪೂರ್ತಿ ಬರಿದು ಮಾಡಿ ಆರಿಸಿಬಿಡುವುದೇ ಇಪ್ಪತ್ತನಾಲ್ಕು ದಿನಕ್ಕೆ ಸರಿಯೆಂದು ನನ್ನ ತೀರ್ಮಾನ. ಹಿಂದಿನ ದಿನವೇ ಮಂಜು ಕರಗಿಸಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ, ಬಾಗಿಲ ಸಂದಿಗೆ ಬಟ್ಟೆಯ ಸುರುಳಿ ಸಿಕ್ಕಿಸಿ ಗಾಳಿಯಾಡುವಂತೆ ತೆರೆದಿಡಬೇಕು; ಮುಚ್ಚಿಟ್ಟ ಖಾಲಿ ಫ್ರಿಜ್ಜು ಒಳಗೇ ಬೂಸ್ಟು ಹಿಡಿಯುತ್ತದೆ. ಆರಿಸಲು ಮನಸ್ಸಿಲ್ಲದವರಿಗೆ ಒಂದು ಹಳೆಯ ಉಪಾಯವಿದೆ: ಲೋಟದಲ್ಲಿ ನೀರನ್ನು ಗಟ್ಟಿ ಮಂಜಾಗಿಸಿ ಅದರ ಮೇಲೊಂದು ನಾಣ್ಯ ಇಟ್ಟು ಹೋಗುವುದು. ಹಿಂತಿರುಗಿದಾಗ ನಾಣ್ಯ ತಳ ಸೇರಿದ್ದರೆ, ನಾವಿಲ್ಲದಾಗ ಮಂಜು ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಒಳಗಿರುವುದನ್ನೆಲ್ಲ ಎಸೆಯಬಹುದು. ಗ್ಯಾಸಿನ ರೆಗ್ಯುಲೇಟರನ್ನು ಮುಚ್ಚುವಾಗ ರಬ್ಬರ್ ಕೊಳವೆಯ ಮೇಲಿನ ದಿನಾಂಕ ಓದಿದೆ. ಐದು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು ಆರನೆಯ ವರ್ಷಕ್ಕೆ ಕಾಲಿಟ್ಟಿತ್ತು.

ನೀರಿನ ವಿಷಯಕ್ಕೆ ಬರುವಾಗ ಬೆಂಗಳೂರಿನವರಿಗೆ ಸ್ವಲ್ಪ ನಿಧಾನಿಸುವ ಹಕ್ಕಿದೆ. ನಮ್ಮ ನಲ್ಲಿಗೆ ಬರುವ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಮೂರು ಹಂತಗಳಲ್ಲಿ, ಹತ್ತಿರ ಹತ್ತಿರ ಐನೂರು ಮೀಟರ್ ಎತ್ತರಕ್ಕೆ ಪಂಪಾಗಿ ಬರುವ ನೀರು. ನಮ್ಮ ಕಟ್ಟಡದಲ್ಲಿ ಮೂರು ಮನೆಗಳಿಗೆ ಒಂದೇ ಸಂಪು. ತಾರಸಿಯ ಮೇಲೆ ಬೇರೆ ಬೇರೆ ಟ್ಯಾಂಕುಗಳು, ನೀರಿಳಿದಂತೆಲ್ಲ ತಾನಾಗಿಯೇ ಓಡುವ ಮೋಟರು. ಎಂದರೆ ನಮ್ಮ ಬೀಗ ಹಾಕಿದ ಮನೆಯೊಳಗೆ ತೊಟ್ಟಿಕ್ಕುವ ಪ್ರತಿ ಹನಿಯೂ ಕೆಳಮನೆಯವರ ಪಾಲಿನದು, ಅದೂ ಟ್ಯಾಂಕರಿಗೆ ಕಾಯುವ ಬೇಸಿಗೆಯಲ್ಲಿ. ‘ಸ್ವಲ್ಪ’ ತೊಟ್ಟಿಕ್ಕುತ್ತಿದ್ದ ಆ ಬಚ್ಚಲಿನ ನಲ್ಲಿಯ ಕೆಳಗೆ ಲೋಟವಿಟ್ಟು ನೋಡಿದೆ: ಗಂಟೆಗೆ ಇನ್ನೂರು ಮಿಲಿಲೀಟರ್. ಇಪ್ಪತ್ತನಾಲ್ಕು ದಿನಕ್ಕೆ ನೂರ ಹದಿನೈದು ಲೀಟರ್. ವಾಷರ್ ಬದಲಿಸಲು ಹತ್ತು ನಿಮಿಷ ಹಿಡಿಯಿತು. ತಾರಸಿಗೆ ಹೋಗಿ ನಮ್ಮ ಟ್ಯಾಂಕಿನಿಂದ ಇಳಿಯುವ ಕೊಳವೆಯ ವಾಲ್ವನ್ನೂ ತಿರುಗಿಸಿ ಬಂದೆವು. ಆಮೇಲೆ ಮನೆಯೊಳಗೆ ಯಾವ ಕೊಳವೆ ಒಡೆದರೂ ಹರಿಯುವುದು ಕೊಳವೆಯಲ್ಲಿ ಉಳಿದಷ್ಟೇ ನೀರು.

ಮನೆಯಲ್ಲಿ ಇರಲೇಬೇಕಾದ ನೀರು ಒಂದಿದೆ, ಅದು ಬಚ್ಚಲು ಮತ್ತು ಸಿಂಕಿನ ಕೆಳಗಿನ ಬಾಗಿದ ಕೊಳವೆಯಲ್ಲಿ ನಿಂತಿರುವ ನಾಲ್ಕು ಬೆರಳಿನಷ್ಟು. ಚರಂಡಿಯ ವಾಸನೆಯನ್ನೂ ಜಿರಲೆಯನ್ನೂ ಒಳಬರದಂತೆ ತಡೆಯುವುದು ಅದೇ. ದಿನವೂ ಬಳಸುವ ಮನೆಯಲ್ಲಿ ಅದರ ಇರವು ಯಾರಿಗೂ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಕೆಲವು ವಾರ ಬೀಗ ಬಿದ್ದರೆ ಅದು ಆರಿಹೋಗಿ, ಬಾಗಿಲು ತೆರೆದವರಿಗೆ ‘ಮನೆಯಲ್ಲಿ ಏನೋ ಸತ್ತಿದೆ’ ಎನಿಸುತ್ತದೆ. ಹೊರಡುವ ಮುನ್ನ ಒಂದೊಂದು ತಂಬಿಗೆ ನೀರು ಸುರಿದು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಹಾಕಿದರೆ ನೀರು ಬೇಗ ಆರುವುದಿಲ್ಲ. ಜಾಲರಿಗಳ ಮೇಲೆ ಹಳೆಯ ಸ್ಟೀಲ್ ತಟ್ಟೆಗಳನ್ನು ಬೋರಲು ಹಾಕಿದೆ.

ಉಳಿದ ನಿಂತ ನೀರೆಲ್ಲ ಶತ್ರು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಪಾತ್ರೆಯ ಒಳಗೋಡೆಗೆ, ನೀರಿನ ಅಂಚಿಗೆ ತುಸು ಮೇಲೆ; ನೀರು ಚೆಲ್ಲಿದರೂ ಅವು ಅಂಟಿಕೊಂಡೇ ಇದ್ದು, ಒಣಗಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬದುಕಿ, ಮುಂದಿನ ಮಳೆಯ ನೀರು ತಾಕಿದೊಡನೆ ಒಡೆಯುತ್ತವೆ. ಆಮೇಲೆ ಒಂದು ವಾರದಿಂದ ಹತ್ತು ದಿನದೊಳಗೆ ರೆಕ್ಕೆ ಬಂದಿರುತ್ತದೆ. ಹಾಗಾಗಿ ಕುಂಡಗಳ ಕೆಳಗಿನ ತಟ್ಟೆ, ಬಕೆಟ್ಟು, ಫ್ರಿಜ್ಜಿನ ಹಿಂದಿನ ನೀರಿನ ತಟ್ಟೆ, ಇವನ್ನೆಲ್ಲ ಬರಿದು ಮಾಡಿದರೆ ಸಾಲದು, ನಾರು ಹಾಕಿ ಉಜ್ಜಿ ಬೋರಲು ಹಾಕಬೇಕು. ಗಿಡಗಳನ್ನು ನೆರಳಿಗೆ ಗುಂಪಾಗಿ ಸರಿಸಿ, ಬಾಯಿ ಮುಚ್ಚಿದ ನೀರಿನ ಡಬ್ಬಿಯೊಂದರಿಂದ ಕುಂಡದ ಮಣ್ಣಿಗೆ ಹತ್ತಿಯ ಬತ್ತಿ ಎಳೆದಿಟ್ಟೆ. ದೀಪಕ್ಕೆ ಎಣ್ಣೆ ಏರುವಂತೆ ಬೇರಿಗೆ ನೀರು ಏರುತ್ತದೆ. ತುಳಸಿಯನ್ನು ಮಾತ್ರ ಯಂತ್ರೋಪಾಯಕ್ಕೆ ಬಿಡಲು ಮನಸ್ಸು ಬಾರದೆ ಕೆಳಮನೆಯ ಅಕ್ಕನ ಅಂಗಳಕ್ಕೆ ಇಳಿಸಿದೆವು. ಬಾಲ್ಕನಿಯ ಜಾಲರಿಯನ್ನು ಈ ಬಾರಿ ಮೂರು ಸಲ ಗುಡಿಸಿದೆ.

ವಿದ್ಯುತ್ತಿನದು ಸಣ್ಣ ಕೆಲಸ: ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿ, ಪೂರ್ತಿ ಚಾರ್ಜ್ ಮಾಡಿ ಆರಿಸಿ, ಕೊನೆಗೆ ಮೇನ್ ಸ್ವಿಚ್ಚು ಇಳಿಸುವುದು. ಒಡವೆ ಬ್ಯಾಂಕಿನ ಲಾಕರಿಗೆ ಹೋಯಿತು. ಹಾಲಿನವರಿಗೂ ಪೇಪರ್ ಹಾಕುವ ಹುಡುಗನಿಗೂ ಬರುವುದು ಬೇಡವೆಂದು ತಿಳಿಸಿದೆವು. ಗೇಟಿನೊಳಗೆ ಬಿದ್ದ ಒಂದು ವಾರದ ಪತ್ರಿಕೆಗಳು ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಹಾಕಿದ ಬೋರ್ಡಿನಂತೆ. ಊರಿಗೆ ಹೋಗುವವರು ಠಾಣೆಗೆ ತಿಳಿಸಿ ಹೋಗಿ ಎಂದು ಪೊಲೀಸರು ಹೇಳುತ್ತಲೇ ಇರುತ್ತಾರೆ; ಅದನ್ನೂ ಮಾಡಿದೆವು. ಇಷ್ಟೆಲ್ಲ ಮಾಡಿದವರು ದೆಹಲಿ ಮುಟ್ಟುವ ಮೊದಲೇ ವಾಟ್ಸಾಪ್ ಸ್ಟೇಟಸ್ಸಿಗೆ ರೈಲಿನ ಫೋಟೋ ಹಾಕುವುದು ಒಂದು ವಿಚಿತ್ರ. ನಮ್ಮ ಮನೆಯಲ್ಲಿ ಹಾಕಿದವರು ಯಾರೆಂದು ಇಲ್ಲಿ ಹೇಳುವುದಿಲ್ಲ.

ಮನೆಗೆಲಸಕ್ಕೆ ಬರುವವರ ಸಂಬಳದ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ರಜೆ ನಾವು ತೆಗೆದುಕೊಂಡದ್ದು. ಅವರಿಗೆ ಆ ತಿಂಗಳೂ ಬಾಡಿಗೆ, ಮಕ್ಕಳ ಖರ್ಚು ಇದ್ದದ್ದೇ. ಪೂರ್ತಿ ಸಂಬಳವನ್ನು ಹೊರಡುವ ಮೊದಲೇ ಕೊಟ್ಟಾಗ ಆಕೆ, ‘ಅಮ್ಮಾ, ನಡುವೆ ಒಂದಿನ ಬಂದು ಬಾಲ್ಕನಿ ಗುಡಿಸಿ ಹೋಗ್ತೀನಿ, ಬೀಗದ ಕೈ ಕೆಳಗಿನ ಅಕ್ಕನ ಹತ್ರ ಇರುತ್ತಲ್ಲ’ ಎಂದರು. 2022ರಲ್ಲಿ ಇಷ್ಟು ಮಾತನ್ನು ನಾನೇ ಕೇಳಿಕೊಂಡಿದ್ದರೆ ಪುಸ್ತಕಗಳು ಉಳಿಯುತ್ತಿದ್ದವು.

ಜನ ಹೊರಟ ಬೆನ್ನಿಗೇ ಮನೆ ಗುಡಿಸಬಾರದೆಂದು ನಮ್ಮ ಅತ್ತೆ ಹೇಳುತ್ತಿದ್ದರು. ಎಲ್ಲರೂ ಹೊರಟ ಮೇಲೆ ಗುಡಿಸುವವರಾದರೂ ಯಾರು ಎಂದು ನಾನು ನಗುತ್ತಿದ್ದೆ. ಈಗ ಆ ನಿಯಮಕ್ಕೆ ಒಂದು ಉಪಯೋಗ ಕಂಡುಕೊಂಡಿದ್ದೇನೆ. ಗುಡಿಸುವುದು, ಒರೆಸುವುದು, ಕಸ ಹಾಕುವುದು ಎಲ್ಲವೂ ಹಿಂದಿನ ರಾತ್ರಿಯೇ ಮುಗಿಯಬೇಕು. ಹೊರಡುವ ದಿನಕ್ಕೆ ಉಳಿಯಬೇಕಾದದ್ದು ಕೊನೆಯ ಕಾಫಿ ಲೋಟಗಳೆರಡು ಮಾತ್ರ. ಆ ಸಂಜೆ ಮೆಟ್ಟಿಲಿಳಿಯುವಾಗ ಕೆಳಮನೆಯ ಅಕ್ಕ, ‘ಎಲ್ಲಿಗೆ’ ಎಂದು ಕೇಳಬಾರದೆಂಬ ಸಂಪ್ರದಾಯಕ್ಕೆ ಬದ್ಧರಾಗಿ, ಎಲ್ಲ ಗೊತ್ತಿದ್ದೂ, ‘ದೂರ ಹೊರಟಿರಾ?’ ಎಂದರು. ‘ಹೋಗಿ ಬರುತ್ತೇವಕ್ಕ’ ಎಂದೆವು. ನಮ್ಮ ಬೆನ್ನ ಮೇಲಿನ ಚೀಲಗಳನ್ನು ನೋಡಿ, ‘ಸಾಮಾನು ಆಗಲೇ ಕಳಿಸಿಬಿಟ್ಟಿರಾ?’ ಎಂದು ಕೇಳಿದರು.

ಮೇ ಕೊನೆಯ ವಾರ ಹಿಂತಿರುಗಿ ಬಾಗಿಲು ತೆರೆದಾಗ ಬಂದದ್ದು ಮುಚ್ಚಿದ ಮನೆಯ ಬಿಸಿಗಾಳಿ ಮಾತ್ರ. ನೆಲ ಒಣಗಿತ್ತು, ಬಾಲ್ಕನಿಯ ಜಾಲರಿಯ ಸುತ್ತ ಕೆಂಪು ಎಸಳುಗಳು ಆಗಷ್ಟೇ ಬಿದ್ದವೆಂಬಂತೆ ಚದುರಿದ್ದವು. ಚೀಲವನ್ನು ಒಗೆಯಲು ಸುರಿಯುವ ಮೊದಲು ಬಳಸದೇ ತಂದದ್ದನ್ನು ಡೈರಿಯ ಕೊನೆಯ ಪುಟದಲ್ಲಿ ಬರೆದಿಡುವುದು ಈಗ ನನ್ನ ರೂಢಿ. ಈ ಸಲದ ಪಟ್ಟಿಯಲ್ಲಿ ಕಾಲುಚೀಲದ ಮೂರನೆಯ ಜೊತೆ, ಎರಡನೆಯ ಬಾಚಣಿಗೆ, ಮತ್ತು ನಮ್ಮ ಮನೆಯವರ ಪುಸ್ತಕ.

ಸಂಜೆ ವಾಲ್ವು ತೆರೆಯಲು ತಾರಸಿಗೆ ಹೋದಾಗ ಟ್ಯಾಂಕಿನ ಹಿಂದೆ, ಹಕ್ಕಿಗಳಿಗೆಂದು ಎಂದೋ ಇಟ್ಟು ಮರೆತಿದ್ದ ಮಣ್ಣಿನ ಬೋಗುಣಿ ಕಂಡಿತು. ಹೊರಡುವ ಮುನ್ನಾದಿನ ಅದನ್ನೂ ನೋಡಿದ್ದೆ. ಒಣಗಿದೆಯಲ್ಲ, ಇರಲಿ ಎಂದುಕೊಂಡಿದ್ದೆ. ಈಗ ಅರ್ಧ ಬೋಗುಣಿ ಮಳೆನೀರು, ಅದರೊಳಗೆ ಮೇಲೆ ಕೆಳಗೆ ತೇಲಾಡುವ ಹುಳುಗಳು. ನೀರನ್ನು ಬಿಸಿಲಿಗೆ ಕಾದ ತಾರಸಿಯ ಮೇಲೆ ಚೆಲ್ಲಿ, ಕೆಳಗಿಳಿದು ತೆಂಗಿನ ನಾರು ತಂದು, ಒಳಗೋಡೆಯನ್ನು ಉಜ್ಜಿ, ಬೋರಲು ಹಾಕಿದೆ.